ಅಮ್ಮನ ಹೂವಿನ ಬುಟ್ಟಿ ಮತ್ತು ನನ್ನ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಬಸ್ಸಲ್ಲಿ ಕಂಬ ಹಿಡ್ಕೊಂಡು ನಿಂತು ಕೇಳ್ತಿರೋರಿಗೆ, ಹಾಸ್ಟೆಲ್ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೆ, ಡಿಗ್ರಿ ಮುಗೀತು ಮುಂದೇನು ಅಂತ ತಲೆ ಕೆಡಿಸ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ಈ ಸಲದ ಪ್ರಶ್ನೆ ನಿಮ್ಮಲ್ಲಿ ಅನೇಕರದ್ದು. "ಬಿ.ಎಸ್ಸಿ. ಆಗಿದೆ. ಆರು ತಿಂಗಳ ಡೇಟಾ ಸೈನ್ಸ್ ಕೋರ್ಸ್ ಮಾಡ್ಲಾ, ಇಲ್ಲ ಎರಡು ವರ್ಷ ಕೂತು ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಮಾಡ್ಲಾ? ಅದರ ಪಕ್ಕದಲ್ಲೇ ಆಪರೇಷನ್ಸ್ ರಿಸರ್ಚ್ ಅಂತ ಇನ್ನೊಂದು ಇರುತ್ತಲ್ಲ, ಅದೇನು?"

ನಾನು ಈ ದಾರಿಯಲ್ಲಿ ಹೋದವಳು. ಹಾಗಾಗಿ ನನ್ನ ಮನೆಯ ಕಥೆಯಿಂದಲೇ ಶುರು ಮಾಡ್ತೀನಿ. ನಾನು ಮಾಡಿದ ಎರಡು ತಪ್ಪುಗಳನ್ನ ಹೇಳ್ತೀನಿ. ಒಂದು ತಪ್ಪು ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಿದ್ದು, ಇನ್ನೊಂದು ಆಪರೇಷನ್ಸ್ ರಿಸರ್ಚ್‌ಗೆ ಸೇರಿದ್ದು. ಎರಡೂ ಅರ್ಥವಾದ್ರೆ ಈ ಎರಡು ವರ್ಷದಲ್ಲಿ ಏನು ಕಲಿಸ್ತಾರೆ ಅನ್ನೋದು ಬಹುಪಾಲು ಅರ್ಥವಾದ ಹಾಗೆ.

ಮೊದಲ ತಪ್ಪು: ಬರೆಯದೇ ಉಳಿದ ಅಂಕಿ

ನಮ್ಮಮ್ಮ ಮೈಸೂರಿನಲ್ಲಿ ದೇವಸ್ಥಾನದ ಪಕ್ಕ ಹೂ ಮಾರ್ತಾರೆ. ಮಲ್ಲಿಗೆ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆ ಹೇಳ್ತೀನಿ. ಒಂದು ಮೊಳಕ್ಕೆ 14 ರೂಪಾಯಿ ಅಸಲು ಬೀಳುತ್ತೆ, ಮಾರೋದು 20ಕ್ಕೆ. ಸಂಜೆ ಉಳಿದದ್ದು ಬಾಡಿಹೋಗುತ್ತೆ, ಮಾರನೇ ದಿನಕ್ಕೆ ಆಗಲ್ಲ. ಅಮ್ಮ ದಿನಾ ತರ್ತಾ ಇದ್ದದ್ದು 40 ಮೊಳ.

ನಾನು ಆಗ ಬಿ.ಎಸ್ಸಿ. ಎರಡನೇ ವರ್ಷ. ಹೊಸದಾಗಿ ಸರಾಸರಿ, ವಿಚಲನೆ ಎಲ್ಲಾ ಕಲಿತಿದ್ದೆ. ಅಮ್ಮ ದಿನದ ಮಾರಾಟ ಬರೆದಿಡುವ ಹಳೇ ನೋಟ್‌ಬುಕ್ ತೆಗೆದು, ಒಂದು ತಿಂಗಳ ಲೆಕ್ಕ ಕೂಡಿ ಭಾಗಿಸಿದೆ. ಸರಾಸರಿ 38 ಬಂತು. "ಅಮ್ಮಾ, ನಿನ್ನ ಹತ್ರ ದಿನಕ್ಕೆ 38 ಮೊಳಕ್ಕಷ್ಟೇ ಬೇಡಿಕೆ ಇರೋದು" ಅಂದೆ.

ಅಮ್ಮ ನಕ್ಕುಬಿಟ್ರು. "ನಾನು ತರೋದೇ ನಲವತ್ತು ಕಣೇ. ಅದಕ್ಕಿಂತ ಜಾಸ್ತಿ ಎಲ್ಲಿಂದ ಮಾರ್ಲಿ? ಮುಗಿದ ಮೇಲೆ ಬಂದು ವಾಪಸ್ ಹೋದೋರನ್ನ ಯಾವ ಪುಸ್ತಕದಲ್ಲಿ ಬರೆದಿದೀನಿ?"

ಅಷ್ಟೇ. ಆ ಒಂದು ಮಾತಲ್ಲಿ ನನ್ನ ಸರಾಸರಿ ಕುಸಿದುಹೋಯ್ತು. ಪುಸ್ತಕದಲ್ಲಿ ಇದ್ದದ್ದು ಮಾರಾಟ, ಬೇಡಿಕೆ ಅಲ್ಲ. ಹೂ ಮುಗಿದ ದಿನ "40" ಅಂತ ಬರೆದಿದ್ರೆ ಅದರ ಅರ್ಥ "40 ಅಥವಾ ಅದಕ್ಕಿಂತ ಹೆಚ್ಚು" ಅಂತ. ಎಂ.ಎಸ್ಸಿ.ಗೆ ಬಂದ ಮೇಲೆ ಇದಕ್ಕೊಂದು ಹೆಸರಿದೆ ಅಂತ ಗೊತ್ತಾಯ್ತು: ಸೆನ್ಸರ್ಡ್ ಡೇಟಾ. ಆಸ್ಪತ್ರೆಗಳ ಅಧ್ಯಯನದಲ್ಲೂ ಇದೇ ಸಮಸ್ಯೆ. ಅಧ್ಯಯನ ಮುಗಿಯುವಾಗ ರೋಗಿ ಇನ್ನೂ ಬದುಕಿದ್ರೆ, ಅವರ ಆಯಸ್ಸು "ಇಷ್ಟಕ್ಕಿಂತ ಹೆಚ್ಚು" ಅಂತ ಮಾತ್ರ ಗೊತ್ತು. ಅಂಥವರನ್ನ ಲೆಕ್ಕದಿಂದ ಬಿಟ್ಟರೂ ತಪ್ಪು, ಅಲ್ಲಿಗೇ ಆಯಸ್ಸು ಮುಗೀತು ಅಂದುಕೊಂಡ್ರೂ ತಪ್ಪು. ಸರಿಯಾಗಿ ಹೇಗೆ ಸೇರಿಸ್ಕೋಬೇಕು ಅನ್ನೋದಕ್ಕೇ ಸರ್ವೈವಲ್ ಅನಾಲಿಸಿಸ್ ಅಂತ ಒಂದು ಇಡೀ ಪೇಪರ್ ಇದೆ.

ಇಂಥದ್ದೇ ಪ್ರಸಿದ್ಧ ಕಥೆ ಒಂದಿದೆ, ರೀಲ್ಸಲ್ಲಿ ನೀವೂ ನೋಡಿರ್ತೀರಿ. ಎರಡನೇ ಮಹಾಯುದ್ಧ. ವಾಪಸ್ ಬಂದ ವಿಮಾನಗಳ ಮೈಮೇಲೆ ಗುಂಡಿನ ತೂತುಗಳು. ಯಾವ ಭಾಗಕ್ಕೆ ರಕ್ಷಾಕವಚ ಹಾಕಬೇಕು? ತೂತು ಹೆಚ್ಚಿರೋ ಕಡೆ ಅಂತ ಅನ್ನಿಸುತ್ತೆ. ಆದ್ರೆ ಅಲ್ಲಿ ಪೆಟ್ಟು ತಿಂದ ವಿಮಾನಗಳು ವಾಪಸ್ ಬಂದಿವೆಯಲ್ಲ! ಬರದೇ ಇದ್ದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿದ್ದಿತ್ತು ಅನ್ನೋದು ಮುಖ್ಯ. ಈ ಕಥೆಗೆ ಜನ ಒಂದಷ್ಟು ಒಗ್ಗರಣೆ ಹಾಕಿದಾರೆ, ನಿಜ. ಆದ್ರೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟ್ಯಾಟಿಸ್ಟಿಕಲ್ ರಿಸರ್ಚ್ ಗ್ರೂಪ್‌ನಲ್ಲಿ ಕೂತು ಅಬ್ರಹಾಂ ವಾಲ್ಡ್ ಅನ್ನೋ ಗಣಿತಜ್ಞ 1943ರಲ್ಲಿ ಬರೆದ ವರದಿಗಳು ಸತ್ಯ. ಉಳಿದು ಬಂದ ವಿಮಾನಗಳ ಲೆಕ್ಕದಿಂದ, ಬಿದ್ದುಹೋದ ವಿಮಾನಗಳ ಬಗ್ಗೆ ಹೇಗೆ ಅಂದಾಜು ಮಾಡೋದು ಅನ್ನೋದೇ ಅವುಗಳ ವಿಷಯ.

ಮೈಸೂರಿನವರಾದ ನಮಗೆ ವಾಲ್ಡ್ ಅಷ್ಟೇನೂ ದೂರದವರಲ್ಲ. ಭಾರತಕ್ಕೆ ಉಪನ್ಯಾಸ ಕೊಡೋಕೆ ಬಂದಿದ್ದ ಅವರು 1950ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡ್ರು, ಇಲ್ಲೇ ನಮ್ಮ ಪಕ್ಕದ ನೀಲಗಿರಿ ಬೆಟ್ಟಗಳಲ್ಲಿ. ಊಟಿ ಕಡೆ ಹೋದಾಗೆಲ್ಲಾ ನನಗೆ ಅವರ ನೆನಪಾಗುತ್ತೆ.

ಎರಡನೇ ತಪ್ಪು: ಸರಾಸರಿಯಷ್ಟು ತಂದದ್ದು

ಸರಿ, ಮೊದಲ ತಪ್ಪು ತಿದ್ದಿಕೊಂಡೆ. ರಜೆಯಲ್ಲಿ ಒಂದು ತಿಂಗಳು ಅಮ್ಮನ ಪಕ್ಕದಲ್ಲೇ ಕೂತೆ. ಹೂ ಮುಗಿದ ಮೇಲೆ ಬಂದು ಕೇಳಿದೋರನ್ನೂ ಗೀಟು ಹಾಕಿ ಬರೆದೆ. ಮತ್ತೆ ದುಂಡು ಲೆಕ್ಕ: ಬೇಡಿಕೆ 30, 40, 50, 60, 70 ಮೊಳ. ಐದೂ ಸುಮಾರು ಒಂದೇ ಸಮನೆ ಬರ್ತಿದ್ವು. ಅಂದ್ರೆ ಸರಾಸರಿ 50.

"ಅಮ್ಮಾ, ಈ ಸಲ ಪಕ್ಕಾ ಲೆಕ್ಕ. 50 ಮೊಳ ತಾ."

ಅಮ್ಮ ನನ್ನ ಮಾತು ನಂಬಿದ್ರು. ಎರಡು ತಿಂಗಳು 50 ತಂದ್ರು. ಮಾರಾಟ ಹೆಚ್ಚಾಯ್ತು, ಕೈಗೆ ಬರೋ ದುಡ್ಡು ಕಮ್ಮಿ ಆಯ್ತು. ಐದು ದಿನದಲ್ಲಿ ಎರಡು ದಿನ ಬುಟ್ಟಿಯಲ್ಲಿ ಬಾಡಿದ ಹೂ. ಅಮ್ಮ ಬೈಯಲಿಲ್ಲ. "ಇರ್ಲಿ ಬಿಡು, ಕಲೀತಿದೀಯ" ಅಂತ ಹೇಳಿ ಮತ್ತೆ 40ಕ್ಕೇ ಬಂದ್ರು. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು ನನಗೆ. ಆ ದುಡ್ಡಲ್ಲೇ ನನ್ನ ಕಾಲೇಜ್ ಫೀಸ್ ಹೋಗ್ತಿದ್ದದ್ದು.

ಎಲ್ಲಿ ತಪ್ಪಾಯ್ತು? ಈಗ ನೀವೂ ಮನಸ್ಸಲ್ಲೇ ಲೆಕ್ಕ ಹಾಕಿ. ಒಂದು ಮೊಳ ಮಾರಿಹೋದ್ರೆ ಸಿಗೋದು 6 ರೂಪಾಯಿ. ಉಳಿದ್ರೆ ಹೋಗೋದು 14. ಗೆಲುವು ಚಿಕ್ಕದು, ಸೋಲು ದೊಡ್ಡದು. ಹಾಗಾಗಿ ಇನ್ನೊಂದು ಮೊಳ ಹೆಚ್ಚಿಗೆ ತರಬೇಕಾ ಅನ್ನೋ ಪ್ರಶ್ನೆಗೆ ಉತ್ತರ ಇದು: ಅದು ಮಾರಿಹೋಗುವ ಸಾಧ್ಯತೆ 20ಕ್ಕೆ 14ಕ್ಕಿಂತ ಹೆಚ್ಚು, ಅಂದ್ರೆ 70%ಗಿಂತ ಹೆಚ್ಚು ಇದ್ರೆ ಮಾತ್ರ ತರಬೇಕು. 31ರಿಂದ 40ನೇ ಮೊಳದವರೆಗೆ ಮಾರಿಹೋಗೋ ಸಾಧ್ಯತೆ 80%. ತರಬಹುದು. 41ನೇ ಮೊಳಕ್ಕೆ? ಬೇಡಿಕೆ 50 ಅಥವಾ ಹೆಚ್ಚು ಇರೋದು ಐದರಲ್ಲಿ ಮೂರು ದಿನ, 60%. ಬೇಡ. 40ಕ್ಕೆ ನಿಲ್ಲಿಸಿ.

ಪೂರ್ತಿ ಲೆಕ್ಕ ಹಾಕಿದ್ರೆ ಹೀಗೆ ಬರುತ್ತೆ. 30 ಮೊಳ ತಂದ್ರೆ ದಿನಕ್ಕೆ ಸರಾಸರಿ 180 ರೂಪಾಯಿ ಉಳಿಯುತ್ತೆ. 40 ತಂದ್ರೆ 200. 50 ತಂದ್ರೆ ಮತ್ತೆ 180. 60ಕ್ಕೆ 120. "ಯಾವ ಗಿರಾಕಿಯನ್ನೂ ವಾಪಸ್ ಕಳಿಸಲ್ಲ" ಅಂತ ಹಟ ಹಿಡಿದು 70 ತಂದ್ರೆ ಉಳಿಯೋದು ಬರೀ 20 ರೂಪಾಯಿ.

ನಮ್ಮಮ್ಮ ವರ್ಷಗಟ್ಟಲೆ ಅನುಭವದಿಂದ ಬಂದು ನಿಂತಿದ್ದು ಸರಿಯಾದ ಜಾಗದಲ್ಲೇ. ಅವರನ್ನ ಅಲ್ಲಿಂದ ಎಬ್ಬಿಸಿದ್ದು ನನ್ನ ಅರ್ಧ ಓದು.

ಈ ಲೆಕ್ಕಕ್ಕೆ ನ್ಯೂಸ್‌ವೆಂಡರ್ ಪ್ರಾಬ್ಲಂ ಅಂತ ಹೆಸರು. ಇವತ್ತಿನ ಪೇಪರ್ ನಾಳೆ ರದ್ದಿ ಆಗುತ್ತಲ್ಲ, ಅದಕ್ಕೇ ಆ ಹೆಸರು. ಆಪರೇಷನ್ಸ್ ರಿಸರ್ಚ್‌ನಲ್ಲಿ ಇನ್ವೆಂಟರಿ ಅನ್ನೋ ಅಧ್ಯಾಯದಲ್ಲಿ ಬರುತ್ತೆ. ಬೇಕರಿ, ವಿಮಾನದ ಸೀಟು, ರಕ್ತನಿಧಿ, ಎಲ್ಲಾ ಕಡೆ ಇದರ ಒಂದಲ್ಲ ಒಂದು ರೂಪ ಬಳಕೆಯಲ್ಲಿದೆ.

ಈಗ ಎರಡೂ ವಿಷಯದ ಸಂಬಂಧ ಹೇಳ್ತೀನಿ. ಬೇಡಿಕೆ ಹೇಗೆ ಏರಿಳಿಯುತ್ತೆ, ನಮ್ಮ ಅಂದಾಜನ್ನ ಎಷ್ಟರಮಟ್ಟಿಗೆ ನಂಬಬಹುದು, ಯಾವ ಅಂಕಿ ಪುಸ್ತಕದಲ್ಲಿ ಇಲ್ಲ, ಇದನ್ನ ಹೇಳೋದು ಸ್ಟ್ಯಾಟಿಸ್ಟಿಕ್ಸ್. ಇಷ್ಟೇ ಗೊತ್ತಿದ್ದು, ನಾಳೆ ಬೆಳಿಗ್ಗೆ ಎಷ್ಟು ಮೊಳ ತರಬೇಕು ಅಂತ ತೀರ್ಮಾನ ಮಾಡೋದು ಆಪರೇಷನ್ಸ್ ರಿಸರ್ಚ್. ಒಂದು ಬಿಟ್ಟು ಇನ್ನೊಂದು ಕಲಿತ್ರೆ ನನ್ನ ಹಾಗೆ ಆಗುತ್ತೆ.

ಅಂದ ಹಾಗೆ ಆಪರೇಷನ್ ಅಂದ್ರೆ ಆಸ್ಪತ್ರೆಯ ಆಪರೇಷನ್ ಅಲ್ಲ, ಸೈನ್ಯದ ಕಾರ್ಯಾಚರಣೆ. ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ ಬ್ರಿಟನ್ನಿನಲ್ಲಿ ರೇಡಾರ್‌ನ ಕೆಲಸದ ಸುತ್ತ ಹುಟ್ಟಿದ ಶಾಸ್ತ್ರ ಇದು. ಅಲ್ಲಿ ಇದನ್ನ ಈಗಲೂ ಆಪರೇಷನಲ್ ರಿಸರ್ಚ್ ಅಂತಾರೆ. ಪ್ಯಾಟ್ರಿಕ್ ಬ್ಲ್ಯಾಕೆಟ್ ಅನ್ನೋ ಭೌತವಿಜ್ಞಾನಿಯ ತಂಡ ಒಂದು ವಿಷಯ ಕಂಡುಹಿಡೀತು: ಸರಕು ಹಡಗುಗಳನ್ನ ಚಿಕ್ಕ ಚಿಕ್ಕ ಗುಂಪಾಗಿ ಕಳಿಸೋದಕ್ಕಿಂತ ದೊಡ್ಡ ಗುಂಪಾಗಿ ಕಳಿಸಿದ್ರೆ ನಷ್ಟ ಕಮ್ಮಿ. ಹಡಗು ಹೆಚ್ಚಾದಷ್ಟು ಗುಂಪಿನ ಸುತ್ತಳತೆ ಹೆಚ್ಚಲ್ಲ, ಹಾಗಾಗಿ ಕಾವಲು ಹಡಗುಗಳು ಅಷ್ಟೇ ಇದ್ರೂ ರಕ್ಷಣೆ ಚೆನ್ನಾಗಿ ಆಗುತ್ತೆ. ಹೊಸ ಹಡಗು ಬೇಡ, ಹೊಸ ತೋಪು ಬೇಡ, ಇರೋದನ್ನೇ ಬೇರೆ ಥರ ಜೋಡಿಸಿದ್ರೆ ಸಾಕು. ಯುದ್ಧ ಮುಗಿದ ಮೇಲೆ, 1947ರಲ್ಲಿ ಜಾರ್ಜ್ ಡ್ಯಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನ ಕೊಟ್ರು. ಲೀನಿಯರ್ ಪ್ರೋಗ್ರಾಮಿಂಗ್ ಓದಿದೋರಿಗೆಲ್ಲಾ ಆ ಹೆಸರು ಗೊತ್ತು. ತಡವಾಗಿ ಕ್ಲಾಸಿಗೆ ಬಂದು, ಬೋರ್ಡ್ ಮೇಲಿದ್ದ ಬಗೆಹರಿಯದ ಎರಡು ಸಮಸ್ಯೆಗಳನ್ನ ಹೋಂವರ್ಕ್ ಅಂದುಕೊಂಡು ಬಿಡಿಸಿಕೊಟ್ಟ ಹುಡುಗ ಇವರೇ. ಅದು ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್. ಎರಡೂ ವಿಷಯ ಎಷ್ಟು ಹತ್ತಿರದ ನೆಂಟರು ನೋಡಿ.

ಎರಡು ವರ್ಷ ಏನು ಓದ್ತೀವಿ

ಡಿಗ್ರಿ ಮುಗಿದಾಗ ನಮ್ಮ ಮಾವ "ಆರು ತಿಂಗಳ ಕೋರ್ಸ್ ಮಾಡ್ಸಕ್ಕಾ, ಕೆಲಸ ಗ್ಯಾರಂಟಿ ಅಂತೆ" ಅಂತ ಅಮ್ಮನಿಗೆ ಹೇಳಿದ್ರು. ಫೀಸ್ ಕೇಳಿದ್ರೆ ಸಾಲ ಮಾಡಬೇಕಾಗಿತ್ತು. ಎಂ.ಎಸ್ಸಿ. ಅಂದ್ರೆ ಇನ್ನೆರಡು ವರ್ಷ ದುಡಿಮೆ ಇಲ್ಲ. ನಾನು ಎಂ.ಎಸ್ಸಿ.ಗೇ ಸೇರಿದೆ. ಧೈರ್ಯದಿಂದ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆ ಬಾಡಿದ ಹೂವಿನ ಲೆಕ್ಕ ಎಲ್ಲಿ ತಪ್ಪಿತು ಅಂತ ತಿಳ್ಕೋಬೇಕಿತ್ತು, ಅಷ್ಟೇ.

ಮೊದಲ ಸೆಮಿಸ್ಟರ್ ನಿಜಕ್ಕೂ ಕಷ್ಟ. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಥಿಯರಿ. ಎಕ್ಸೆಲ್ ತೆಗೆದು ಗ್ರಾಫ್ ಹಾಕ್ತೀವಿ ಅಂದುಕೊಂಡು ಬಂದೋರಿಗೆ ಬೋರ್ಡ್ ತುಂಬಾ ಪ್ರೂಫ್ ಕಾಣುತ್ತೆ. ನಾನು ಒಂದು ಪೇಪರ್ ಫೇಲಾಗಿ ಮತ್ತೆ ಬರೆದೆ. ಆಮೇಲೆ ಬರೋದು ಎಸ್ಟಿಮೇಷನ್, ಟೆಸ್ಟಿಂಗ್, ಸ್ಯಾಂಪ್ಲಿಂಗ್, ಲೀನಿಯರ್ ಮಾಡೆಲ್ಸ್, ಪ್ರಯೋಗಗಳ ವಿನ್ಯಾಸ, ಮಲ್ಟಿವೇರಿಯೇಟ್, ಸ್ಟೋಕ್ಯಾಸ್ಟಿಕ್ ಪ್ರೋಸೆಸ್, ಟೈಮ್ ಸೀರೀಸ್. ಜೊತೆಗೆ ಆರ್ ಅಥವಾ ಪೈಥಾನ್‌ನಲ್ಲಿ ಪ್ರಾಕ್ಟಿಕಲ್. ಆಪರೇಷನ್ಸ್ ರಿಸರ್ಚ್ ಹೆಚ್ಚಿನ ಕಡೆ ಒಂದು ಪೇಪರ್ ಆಗಿ, ಕೆಲವು ಕಡೆ ಐಚ್ಛಿಕವಾಗಿ ಇರುತ್ತೆ. ಐಚ್ಛಿಕ ಇದ್ರೆ ದಯವಿಟ್ಟು ಬಿಡಬೇಡಿ.

ಎಸ್ಟಿಮೇಷನ್ ಪೇಪರ್‌ನಲ್ಲಿ ಕ್ರಾಮರ್–ರಾವ್ ಅಂತ ಒಂದು ಪ್ರಮೇಯ ಬರುತ್ತೆ. ಆ ರಾವ್ ನಮ್ಮ ನೆಲದಲ್ಲಿ ಹುಟ್ಟಿದೋರು. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ, ಈಗಿನ ವಿಜಯನಗರ ಜಿಲ್ಲೆ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಸೈನ್ಯದ ಸರ್ವೆ ವಿಭಾಗದ ಕೆಲಸ ಹುಡುಕ್ಕೊಂಡು ಕಲ್ಕತ್ತಾಗೆ ಹೋದ್ರು. ಆ ಕೆಲಸ ಸಿಗಲಿಲ್ಲ. ಅಲ್ಲೇ ಇದ್ದ, ಮಹಲನೋಬಿಸ್ ಅವರು 1931ರಲ್ಲಿ ಕಟ್ಟಿದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ತರಬೇತಿಗೆ ಸೇರಿದ್ರು. ಕಲ್ಕತ್ತಾ ವಿಶ್ವವಿದ್ಯಾಲಯ ಆಗಷ್ಟೇ ಶುರು ಮಾಡಿದ್ದ ಸ್ಟ್ಯಾಟಿಸ್ಟಿಕ್ಸ್ ಎಂ.ಎ. 1943ರಲ್ಲಿ ಮುಗಿಸಿದ್ರು. ಎರಡೇ ವರ್ಷಕ್ಕೆ, 1945ರಲ್ಲಿ, ಇವತ್ತಿಗೂ ಜಗತ್ತೆಲ್ಲಾ ಓದುವ ಆ ಲೇಖನ ಬಂತು. 2023ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ಸಿಕ್ತು. ಅದೇ ವರ್ಷ, 102ನೇ ವಯಸ್ಸಿನಲ್ಲಿ ತೀರಿಕೊಂಡ್ರು.

ಆ ಪ್ರಮೇಯದ ಸಾರ ಸರಳವಾಗಿ ಹೇಳ್ಬೇಕಂದ್ರೆ: ನಿಮ್ಮ ಹತ್ರ ಇರೋ ಡೇಟಾದಿಂದ ಪಕ್ಷಪಾತ ಇಲ್ಲದ ಅಂದಾಜು ಎಷ್ಟು ನಿಖರ ಆಗಬಹುದು ಅನ್ನೋದಕ್ಕೆ ಒಂದು ಮಿತಿ ಇದೆ. ಎಷ್ಟೇ ಬುದ್ಧಿವಂತಿಕೆ ಮಾಡಿದ್ರೂ ಆ ಗೆರೆ ದಾಟೋಕಾಗಲ್ಲ. ಸಣ್ಣ ಕೋರ್ಸ್‌ನಲ್ಲಿ ಸಾಫ್ಟ್‌ವೇರ್‌ನಿಂದ ಉತ್ತರ ತೆಗೆಯೋದು ಕಲಿಸ್ತಾರೆ, ಅದೂ ಬೇಕು. ಆ ಉತ್ತರವನ್ನ ಎಷ್ಟು ನಂಬಬೇಕು ಅಂತ ಹೇಳೋಕೆ ಈ ಪ್ರೂಫ್‌ಗಳು ಬೇಕು.

ಎಲ್ಲಿ ಓದೋದು, ಆಮೇಲೆ ಏನು

ನಮ್ಮ ರಾಜ್ಯದಲ್ಲೇ ಮೈಸೂರು, ಬೆಂಗಳೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಟಿಸ್ಟಿಕ್ಸ್ ಸ್ನಾತಕೋತ್ತರ ವಿಭಾಗಗಳಿವೆ. ಖಾಸಗಿ ಕೋರ್ಸ್‌ಗಳ ಜೊತೆ ಹೋಲಿಸಿದ್ರೆ ಫೀಸ್ ಕಮ್ಮಿ. ಐಐಟಿ ಬಾಂಬೆ, ಐಐಟಿ ಕಾನ್ಪುರದ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್‌ಗೆ ಜಾಮ್ ಪರೀಕ್ಷೆ ಬರೀಬೇಕು, ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪೇಪರ್. ಮೂರು ಗಂಟೆ, ನೂರು ಅಂಕ. ನಾನೂ ಬರೆದಿದ್ದೆ, ರ‍್ಯಾಂಕ್ ಸಾಲಲಿಲ್ಲ.

ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಸ್ಟ್ಯಾಟ್‌ಗೆ ಅವರದ್ದೇ ಪ್ರವೇಶ ಪರೀಕ್ಷೆ. ಓದೋರಿಗೆ ತಿಂಗಳ ಸ್ಟೈಪೆಂಡ್ ಕೊಡೋ ಪದ್ಧತಿ ಅಲ್ಲಿ ಹಿಂದಿನಿಂದ ಇದೆ. ಅವರ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇದೆ. ಆಪರೇಷನ್ಸ್ ರಿಸರ್ಚನ್ನೇ ಮುಖ್ಯವಾಗಿ ಓದಬೇಕು ಅಂದ್ರೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗ ಇದೆ. ಹೊರದೇಶದ ಮಾತು ಬಂದ್ರೆ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಎರಡನ್ನೂ ಒಟ್ಟಿಗೇ ಸೇರಿಸಿ ಪಿಎಚ್.ಡಿ. ಮಾಡಿಸುವ ಕೇಂದ್ರ ಇದೆ. ಎಲ್ಲಾ ಕಡೆಯ ನಿಯಮ, ದಿನಾಂಕ ವರ್ಷ ವರ್ಷ ಬದಲಾಗುತ್ತೆ. ಅರ್ಜಿ ಹಾಕೋ ಮುಂಚೆ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ.

ಕೆಲಸ? ಬ್ಯಾಂಕಿನಲ್ಲಿ ಸಾಲ ವಾಪಸ್ ಬರುತ್ತಾ ಅಂತ ಅಂದಾಜು ಮಾಡೋ ತಂಡಗಳು, ವಿಮೆ, ಔಷಧ ಪ್ರಯೋಗಗಳ ಬಯೋಸ್ಟ್ಯಾಟಿಸ್ಟಿಕ್ಸ್, ಗೋದಾಮು ಮತ್ತು ಡೆಲಿವರಿ ಯೋಜನೆ. ಸರ್ಕಾರದ ಕಡೆ ಯುಪಿಎಸ್‌ಸಿ ನಡೆಸೋ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಪಾಠ ಮಾಡೋ ಆಸೆ ಇದ್ರೆ ಒಂದು ವಿಷಯ ನೆನಪಿಡಿ: ಸ್ಟ್ಯಾಟಿಸ್ಟಿಕ್ಸ್ ಸಿಎಸ್‌ಐಆರ್ ನೆಟ್‌ನ ಗಣಿತ ವಿಜ್ಞಾನಗಳ ಪೇಪರ್ ಒಳಗೆ ಬರುತ್ತೆ.

ಸಂಬಂಧಿಕರ ಕಾಟವೂ ಒಂದಿದೆ. ಕನ್ನಡದಲ್ಲಿ ಸಂಖ್ಯಾಶಾಸ್ತ್ರ ಅಂದ್ರೆ ನ್ಯೂಮರಾಲಜಿ ಅಂತಲೂ ಅರ್ಥ ಅಲ್ವಾ. ಮದುವೆ ಮನೆಯಲ್ಲಿ ಒಬ್ಬರು "ನನ್ನ ಹೆಸರಿಗೆ ಇನ್ನೊಂದು ಎ ಸೇರಿಸ್ಲಾ?" ಅಂತ ಕೇಳಿದ್ರು. ಸಿದ್ಧವಾಗಿರಿ.

ಹಾಗಾದ್ರೆ ಯಾರು ಸೇರಬೇಕು? ನಿಮ್ಮನ್ನ ನೀವೇ ಮೂರು ಪ್ರಶ್ನೆ ಕೇಳ್ಕೊಳ್ಳಿ. ಉತ್ತರ ಬಂದ ಮೇಲೂ "ಇದು ಯಾಕೆ ಹೀಗೆ?" ಅಂತ ಕೂತು ಯೋಚಿಸೋ ತಾಳ್ಮೆ ಇದೆಯಾ? ಡಿಗ್ರಿಯ ಗಣಿತ, ಮುಖ್ಯವಾಗಿ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್, ಮತ್ತೆ ತೆಗೆದು ಕೂರೋಕೆ ತಯಾರಿದೀರಾ? ಮನೆಯಲ್ಲಿ ಎರಡು ವರ್ಷ ದುಡಿಮೆ ಇಲ್ಲದೆ ನಡೆಯುತ್ತಾ? ಮೂರನೇ ಪ್ರಶ್ನೆಗೆ "ಇಲ್ಲ" ಅನ್ನೋ ಉತ್ತರ ಬಂದ್ರೆ ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಕೆಲಸಕ್ಕೆ ಸೇರಿ, ಸ್ವಲ್ಪ ಕೂಡಿಟ್ಟು, ಆಮೇಲೆ ಬಂದು ಓದಿದೋರು ನಮ್ಮ ಕ್ಲಾಸಲ್ಲೂ ಇದ್ರು. ಸಾಲ ಮಾಡಿ ಸಣ್ಣ ಕೋರ್ಸ್ ಸೇರೋ ಮುಂಚೆ ಮಾತ್ರ ಒಂದು ಕೇಳಿ. "ನಿಮ್ಮಲ್ಲಿ ಓದಿ ಕೆಲಸ ಸಿಕ್ಕೋರ ಪಟ್ಟಿ ತೋರಿಸ್ತೀರಿ, ಸಿಗದೇ ಇದ್ದೋರು ಎಷ್ಟು ಜನ?" ವಾಪಸ್ ಬರದ ವಿಮಾನ, ವಾಪಸ್ ಹೋದ ಗಿರಾಕಿ, ಇದೂ ಅದೇ ಪ್ರಶ್ನೆ.

ಕೊನೆಯದಾಗಿ, ನೀವು ಕೇಳಬಹುದು: ಅಮ್ಮನಿಗೆ ಓದದೇ ಸರಿ ಉತ್ತರ ಗೊತ್ತಿತ್ತಲ್ಲ, ಮತ್ತೆ ನಿನ್ನ ಎಂ.ಎಸ್ಸಿ. ಯಾಕೆ?

ನಾನು ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ, ರಾತ್ರಿ ಬಸ್ ಸ್ಟ್ಯಾಂಡ್ ಹತ್ರ ಹೂ ಮಾರೋ ಒಬ್ಬರು ಅಮ್ಮನ ಹತ್ರ ಬಂದು, ಉಳಿದ ಹೂವನ್ನ ಮೊಳಕ್ಕೆ 8 ರೂಪಾಯಿ ಹಾಗೆ ತಗೋತೀನಿ ಅಂದ್ರು. ಅಮ್ಮ ಖುಷಿಯಾಗಿ ಒಪ್ಪಿಕೊಂಡ್ರು, ಆದ್ರೆ ತರೋದು ಮಾತ್ರ 40 ಮೊಳವೇ. ಅನುಭವ ಹೇಳಿದ ಸಂಖ್ಯೆ ಅಲ್ವಾ. ನಾನು ಅಂಜುತ್ತಲೇ ಲೆಕ್ಕ ಹಾಕಿದೆ. ಈಗ ಒಂದು ಮೊಳ ಉಳಿದ್ರೆ ನಷ್ಟ 14 ಅಲ್ಲ, 6. ಮಾರಿಹೋದ್ರೆ ಲಾಭವೂ 6. ಅಂದ್ರೆ ಮಾರಿಹೋಗೋ ಸಾಧ್ಯತೆ 50% ದಾಟಿದ್ರೆ ಸಾಕು. 41ರಿಂದ 50ರವರೆಗಿನ ಮೊಳಕ್ಕೆ ಅದು 60%. ಉತ್ತರ 40ರಿಂದ 50ಕ್ಕೆ ಜಾರಿತ್ತು. 40 ತಂದ್ರೆ ದಿನಕ್ಕೆ 216 ರೂಪಾಯಿ, 50 ತಂದ್ರೆ 228.

"ಅಮ್ಮಾ, ಐವತ್ತು ತರ್ತೀಯಾ?" ಅಂದೆ.

ಅಮ್ಮ ನನ್ನ ಮುಖ ನೋಡಿದ್ರು. "ಮತ್ತೆ ಐವತ್ತಾ?"

ಈ ಸಲ ಪುಸ್ತಕ ತೆಗೆದು, ಆಗ ಯಾಕೆ ತಪ್ಪಾಗಿತ್ತು, ಈಗ ಏನು ಬದಲಾಗಿದೆ ಅಂತ ಒಂದೊಂದೇ ಸಾಲು ತೋರಿಸಿದೆ. ಅವರು ಕೇಳಿದ ಒಂದೇ ಪ್ರಶ್ನೆ: "ಆ ಯಪ್ಪ ಬರೋದು ನಿಲ್ಲಿಸಿದ್ರೆ?"

"ಅವತ್ತಿಂದ ಮತ್ತೆ ನಲವತ್ತು" ಅಂದೆ.

ಈಗ ಅಮ್ಮ 50 ತರ್ತಾರೆ. ಪುಸ್ತಕದಲ್ಲಿ ಮಾರಾಟದ ಪಕ್ಕ ಇನ್ನೊಂದು ಕಾಲಂ ಇದೆ, ವಾಪಸ್ ಹೋದೋರ ಗೀಟುಗಳು. ಅದನ್ನ ಅವರೇ ಬರೀತಾರೆ.

ನಿಮ್ಮ ಮನೆಯ ಅಂಗಡಿ, ಹೊಲ, ಹೋಟೆಲ್‌ನಲ್ಲಿ ಇಂಥ ಲೆಕ್ಕ ಇದ್ರೆ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದನ್ನ ಒಟ್ಟಿಗೇ ಬಿಡಿಸೋಣ. ಅಲ್ಲಿವರೆಗೆ, ನಮಸ್ಕಾರ.